ಒಂದು ಸಹಿಗಾಗಿ ಬರೋಸಾ ಕಣಿವೆಗೆ

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಇಳಿದಾಗ ಬೆಳಗಿನ ಏಳು ಗಂಟೆ, ಜುಲೈ ಅಂದರೆ ಅಲ್ಲಿ ಚಳಿಗಾಲ, ಹೊರಗೆ ಆರು ಡಿಗ್ರಿ. ಹದಿನಾಲ್ಕು ವರ್ಷ ಸಿಂಗಪುರದಲ್ಲಿ ಬೆವರಿದವಳಿಗೆ ಚಳಿಯೆಂದರೆ ಆಫೀಸಿನ ಏಸಿ, ಅಷ್ಟೇ. ಏಳು ಗಂಟೆಯ ಹಾರಾಟದಲ್ಲಿ ನಿದ್ದೆ ಬಂದದ್ದು ಅರ್ಧ ಗಂಟೆಯೂ ಇಲ್ಲ. ದ್ರಾಕ್ಷಿ ತೋಟಕ್ಕೆ ಹೋಗುತ್ತೇನೆ ಎಂದು ಫಾರ್ಮಿನಲ್ಲಿ ಬರೆದದ್ದೇ ತಪ್ಪಾಯಿತು; ಅಧಿಕಾರಿಯೊಬ್ಬರು ಪಕ್ಕಕ್ಕೆ ಕರೆದು ನನ್ನ ಬೂಟು ಬಿಚ್ಚಿಸಿ ತಳ ನೋಡಿದರು. ನಮ್ಮ ಮನೆಯಿರುವ ಹೌಗಾಂಗ್ ಮಾರ್ಕೆಟ್ಟಿನ ಕೊಳೆ ಅಂಟಿಕೊಂಡಿತ್ತು. ತಾವೇ ತೊಳೆದು, ಒರೆಸಿ, ಕೈಗೆ ಕೊಟ್ಟರು. ಅಷ್ಟೊಂದು ಒಳ್ಳೆಯತನ ಆ ಹೊತ್ತಿಗೆ ನನಗೆ ಬೇಕಿರಲಿಲ್ಲ.

ಯಾಕೆಂದರೆ ನಾನು ಊರು ನೋಡಲು ಬಂದವಳಲ್ಲ. ಸಿಂಗಪುರದ ಪಾಸಿರ್ ಪಂಜಾಂಗ್‌ನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕಂಟೇನರ್ ಬುಕ್ ಮಾಡುವುದು ನನ್ನ ಕೆಲಸ. ಬರೋಸಾ ಕಣಿವೆಯ ಎರಿಕ್ ಎಂಬ ಹಿರಿಯರು ಪ್ರತಿವರ್ಷ ನಮ್ಮ ಮೂಲಕ ವಿಯೆಟ್ನಾಮಿಗೆ ಒಂದು ಕಂಟೇನರ್ ವೈನ್ ಕಳಿಸುತ್ತಿದ್ದರು. ಈ ಫೆಬ್ರವರಿಯಲ್ಲಿ ಅವರು ಫೋನ್ ಮಾಡಿ, “ಈ ಸಲ ಹಳೆಯ ಬಳ್ಳಿಗಳ ವೈನ್ ಕಳಿಸ್ತಿದ್ದೇನೆ. ಕರೆಂಟಿನಲ್ಲಿ ತಣ್ಣಗಿಡುವ ಕಂಟೇನರ್ ಹಾಕಿ” ಎಂದರು. ಎರಡು ಸಲ ಹೇಳಿದರು. ನಾನು ಆಗ ಮನೆಗೆ ಹೋಗುವ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬ ಹಿಡಿದು ನಿಂತಿದ್ದೆ. ಆಯ್ತು ಆಯ್ತು ಎಂದೆ. ಮರುದಿನ ಹೋದ ವರ್ಷದ ಬುಕಿಂಗನ್ನೇ ಕಾಪಿ ಮಾಡಿ ಕಳಿಸಿಬಿಟ್ಟೆ. ಸಾದಾ ಕಂಟೇನರ್ ಹೋಯಿತು. ಸಿಂಗಪುರದಲ್ಲಿ ಮುಂದಿನ ಹಡಗು ತಪ್ಪಿ, ಒಂಬತ್ತು ದಿನ ಆ ಕಬ್ಬಿಣದ ಪೆಟ್ಟಿಗೆ ಬಟಾಬಯಲಿನಲ್ಲಿ ಬಿಸಿಲಿಗೆ ಕಾದು ನಿಂತಿತು. ವಿಯೆಟ್ನಾಮಿನಲ್ಲಿ ತೆಗೆದು ನೋಡಿದರೆ ಬಾಟಲಿಗಳ ಬಿರಡೆ ಮೇಲೆ ಬಂದು, ವೈನ್ ಬೆಂದುಹೋಗಿತ್ತು.

ಆ ಫೋನಿಗೆ ಸಾಕ್ಷಿ ನಾವಿಬ್ಬರೇ, ಅವರು ಮತ್ತು ನಾನು. ಆಫೀಸಿನಲ್ಲಿ ಕೇಳಿದಾಗ ಅವರು ಅಂಥದ್ದೇನೂ ಹೇಳಿಲ್ಲ ಎಂದುಬಿಟ್ಟೆ. ಮ್ಯಾನೇಜರ್ ಒಂದು ಕಾಗದ ತಯಾರಿಸಿದರು: ‘ತಣ್ಣನೆಯ ಕಂಟೇನರ್ ಬೇಕೆಂದು ನಾನು ತಿಳಿಸಿರಲಿಲ್ಲ.’ ಅದಕ್ಕೆ ಎರಿಕ್ ಸಹಿ ಬಿದ್ದರೆ ಆಫೀಸು ನಷ್ಟ ಕಟ್ಟಿಕೊಡಬೇಕಿಲ್ಲ. “ನಿನ್ನ ಮೇಲೆ ಅವರಿಗೆ ನಂಬಿಕೆ ಇದೆ, ನೀನೇ ಹೋಗು” ಎಂದರು. ನಿಜ ಹೇಳಿದ್ದು ನನ್ನ ಗಂಡ ಮಹಾಂತೇಶನಿಗೆ ಮಾತ್ರ. ಜುರಾಂಗ್ ಐಲ್ಯಾಂಡಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು ಸೋಫಾದಲ್ಲಿ ಬಿದ್ದುಕೊಂಡಿದ್ದ.

“ಹೋಗಿ ಸೈನ್ ಮಾಡಿಸ್ಕೊಂಡು ಬಾ, ಶಶಿ. ನೀ ಏನ್ ಬೇಕಂತ ಮಾಡೀಯೇನು? ಎಲ್ಲಾರೂ ಮರೀತಾರ.”

“ಆ ಮನಷ್ಯಾ ಮರ್ತಿಲ್ಲಲ್ರೀ” ಎಂದೆ. ಅವನು ಕಣ್ಣು ಮುಚ್ಚಿಕೊಂಡೇ ಇದ್ದ.

ಅಡಿಲೇಡ್‌ನಿಂದ ಗಾಲರ್ ಎಂಬ ಊರಿಗೆ ರೈಲಿನಲ್ಲಿ ಒಂದು ಗಂಟೆ. ಡಬ್ಬಿಯಲ್ಲಿ ಕಟ್ಟಿಕೊಂಡು ಬಂದಿದ್ದ ಚಪಾತಿ ತಿಂದೆ, ಹಲಗೆಯಂತಾಗಿತ್ತು. ನಿಲ್ದಾಣದಲ್ಲಿ ಎರಿಕ್ ಅವರ ಮಗಳು ಹೆಲೆನ್ ಕಾರು ತಂದು ಕಾಯುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಕಣ್ಣ ಕೆಳಗೆ ನನ್ನಷ್ಟೇ ಕಪ್ಪು. ಅಲ್ಲಿಂದ ಕಣಿವೆಗೆ ಮೂವತ್ತು ಕಿಲೋಮೀಟರ್. ಎರಡೂ ಕಡೆ ತಗ್ಗಾದ ಗುಡ್ಡ, ನಡುವೆ ಸಾಲು ಸಾಲು ಬೋಳು ಬಳ್ಳಿ, ಒಂದಕ್ಕೂ ಎಲೆ ಇಲ್ಲ. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣ ಒಣ. ನನ್ನ ತವರು ವಿಜಯಪುರದ ಹತ್ತಿರ ತಿಕೋಟಾ. ಅಲ್ಲಿ ದ್ರಾಕ್ಷಿಗೆ ವರ್ಷಕ್ಕೆರಡು ಸಲ ಕತ್ತರಿ ಹಾಕುತ್ತೇವೆ, ಬಳ್ಳಿಗೆ ಪುರುಸೊತ್ತು ಎಂಬುದೇ ಇಲ್ಲ. ಹದಿನೈದು ವರ್ಷಕ್ಕೆ ಸುಸ್ತಾಗಿ ಕಿತ್ತುಹಾಕಿಸಿಕೊಳ್ಳುತ್ತದೆ. ಇಲ್ಲಿಯವು ನಾಲ್ಕು ತಿಂಗಳು ಮಲಗಿ ಏಳುತ್ತವೆ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

“ಅಪ್ಪನಿಗೆ ಎಂಬತ್ತೊಂದು” ಎಂದಳು ಹೆಲೆನ್. “ಮರೆವು ಶುರುವಾಗಿದೆ ಅನ್ನಿಸುತ್ತೆ. ನಿಮಗೆ ಫೋನ್ ಮಾಡಿ ಹೇಳಿದ್ದೆ ಅಂತ ಹಟ ಹಿಡಿದಿದ್ದಾರೆ. ನಿಮ್ಮ ಆಫೀಸಿನವರು ಅಂಥದ್ದೇನೂ ಇಲ್ಲ ಅಂತಾರೆ. ಇಷ್ಟು ದೊಡ್ಡದನ್ನೇ ಮರೆತರೆ ತೋಟ ಅವರ ಕೈಯಲ್ಲಿ ಬಿಡೋದು ಹೇಗೆ? ಈ ವರ್ಷಕ್ಕೆ ಸಾಕು, ಬಿಡಿಸ್ತೀನಿ.” ಸ್ವಲ್ಪ ದೂರ ಹೋದ ಮೇಲೆ ನೇರ ಕೇಳಿದಳು, “ಅವರು ನಿಮಗೆ ಹೇಳಿದ್ರಾ?”

“ಫೈಲು ನೋಡಬೇಕು” ಎಂದೆ. ಥೂ ನನ್ನ ಬಾಯಿಗೆ. ಇಷ್ಟು ದಿನ ಆ ಕಾಗದ ಆಫೀಸಿನ ಲಾಭ ನಷ್ಟದ್ದು ಅಂದುಕೊಂಡಿದ್ದೆ. ಈಗ ನೋಡಿದರೆ ಒಬ್ಬ ಮನುಷ್ಯನ ತಲೆ ಸರಿಯಿದೆಯೋ ಇಲ್ಲವೋ ಎಂಬುದಕ್ಕೇ ಸಹಿ ಕೇಳಲು ಬಂದಂತಾಗಿತ್ತು.

ಮನೆ ಕಲ್ಲಿನದು, ಒಲೆಯಲ್ಲಿ ಹಳೆಯ ದ್ರಾಕ್ಷಿಬುಡಗಳು ಉರಿಯುತ್ತಿದ್ದವು. ಎರಿಕ್ ಎದ್ದು ಬಂದು ಎರಡೂ ಕೈಯಿಂದ ನನ್ನ ಕೈ ಹಿಡಿದರು. “ಧ್ವನಿ ಕೇಳಿ ಇನ್ನೂ ಎತ್ತರ ಇದ್ದೀರಿ ಅಂದುಕೊಂಡಿದ್ದೆ” ಎಂದು ನಕ್ಕರು. ನಾನು ಮಾಂಸ ಮದ್ಯ ಮುಟ್ಟದವಳು ಎಂದು ಎಂದೋ ಹೇಳಿದ್ದೆನಂತೆ, ನೆನಪಿಟ್ಟು ಕುಂಬಳಕಾಯಿ ಸೂಪು ಮಾಡಿಸಿದ್ದರು. ಮರೆವಿನ ಮನುಷ್ಯ! ಸೂಪು ಅರ್ಧಕ್ಕೇ ಬಿಟ್ಟೆ. ಬೇಗ ಮಲಗುತ್ತೇನೆಂದು ಹೇಳಿ ಕೋಣೆ ಸೇರಿದೆ.

ಮರುದಿನ ಮಂಜು ಕರಗಿದ ಮೇಲೆ ತೋಟಕ್ಕೆ ಕರೆದುಕೊಂಡು ಹೋದರು. ಬೇಲಿಯ ಬಳಿ ಔಷಧಿ ನೀರಿನ ತೊಟ್ಟಿ. ಬೂಟು ಅದ್ದದೆ ಒಳಗೆ ಬಿಡಲಿಲ್ಲ. ಯುರೋಪಿನ ತೋಟಗಳನ್ನೆಲ್ಲ ಬೇರಿನಿಂದಲೇ ತಿಂದುಹಾಕಿದ ಒಂದು ಸಣ್ಣ ಹೇನು ಈ ಸೀಮೆಗೆ ಇಂದಿಗೂ ಕಾಲಿಟ್ಟಿಲ್ಲ, ಅದಕ್ಕೇ ಇಷ್ಟು ಮಡಿ. ಅದಕ್ಕೇ ಇಲ್ಲಿ ಅಷ್ಟು ಹಳೆಯ ಬಳ್ಳಿಗಳೂ ಉಳಿದಿವೆ. ಮಣ್ಣು ಮೇಲೆ ಕೆಂಪು, ಗುದ್ದಲಿ ಹಾಕಿದರೆ ಕೆಳಗೆ ಜೇಡಿ. ಎರಿಕ್ ತೋರಿಸಿದ ಬಳ್ಳಿಯನ್ನು ಬಳ್ಳಿ ಎನ್ನುವಂತಿರಲಿಲ್ಲ, ನನ್ನ ಸೊಂಟದಷ್ಟು ದಪ್ಪದ ತಿರುಚಿದ ಬೊಡ್ಡೆ.

“ನನ್ನ ಮುತ್ತಜ್ಜನ ಅಪ್ಪ ನೆಟ್ಟದ್ದು” ಎಂದರು. ಅವರ ಪೂರ್ವಿಕರು ಸಿಲೇಸಿಯಾ ಎಂಬ ಸೀಮೆಯ ಜರ್ಮನರು. ಪ್ರಾರ್ಥನೆ ಹೀಗೇ ಮಾಡಬೇಕೆಂದು ಪ್ರಶ್ಯಾದ ಅರಸ ಹಟ ಹಿಡಿದಾಗ, ಬೇಡಪ್ಪಾ ನಿನ್ನ ಸಹವಾಸ ಎಂದು ಪಾದ್ರಿಯ ಸಮೇತ ಹಡಗು ಹತ್ತಿದವರು. ಮೊದಲ ಮಹಾಯುದ್ಧದಲ್ಲಿ ಇಲ್ಲಿಯ ಜರ್ಮನ್ ಊರುಗಳ ಹೆಸರನ್ನೇ ಸರ್ಕಾರ ಬದಲಿಸಿತಂತೆ. ಎಂಬತ್ತರ ದಶಕದಲ್ಲಿ ವೈನ್ ಹೆಚ್ಚಾಗಿ ಬೆಲೆ ಬಿದ್ದಾಗ, ಹಳೆಯ ಬಳ್ಳಿ ಕಿತ್ತವರಿಗೆ ಸರ್ಕಾರವೇ ಹಣ ಕೊಟ್ಟಿತು. “ಪಕ್ಕದವರೆಲ್ಲ ಕಿತ್ತರು. ನಾನು ಮೊಂಡ, ಕೀಳಲಿಲ್ಲ. ಕಂಟೇನರಿನಲ್ಲಿ ಹೋದದ್ದು ಇವುಗಳದ್ದೇ.”

ಮಾತಾಡುತ್ತಲೇ ಕತ್ತರಿ ಆಡಿಸುತ್ತಿದ್ದರು. ಎಲ್ಲಿ ಚಿಗುರೊಡೆಯುವ ಎರಡು ಕಣ್ಣು ಬಿಡಬೇಕು, ಎಲ್ಲಿ ಕಡ್ಡಿ ಪೂರ್ತಿ ತೆಗೆಯಬೇಕು, ಕೈ ಒಂದು ಸಲವೂ ತಡವರಿಸಲಿಲ್ಲ. ನಾನು ದ್ರಾಕ್ಷಿ ತೋಟದಲ್ಲಿ ಬೆಳೆದವಳು, ಅಷ್ಟು ನನಗೆ ಗೊತ್ತಾಗುತ್ತದೆ. ನಮ್ಮಪ್ಪ ಒಣದ್ರಾಕ್ಷಿಯನ್ನು ನೆರಳಿನ ಶೆಡ್ಡಿನಲ್ಲಿ, ಬಲೆಯ ಮೇಲೆ ಹರವಿ ಒಣಗಿಸುತ್ತಿದ್ದರು. ಒಂದು ಕಡೆ ಪರದೆ ಸರಿದು ಬಿಸಿಲು ಬಿದ್ದರೂ ಹಸಿರು ಹೋಗಿ ಕಪ್ಪಾಯಿತು ಎಂದು ಮನೆ ಮಂದಿಗೆಲ್ಲ ಬೈಗುಳ. ಅಂಥವರ ಮಗಳು ನಾನು, ಇವರ ವೈನನ್ನು ಒಂಬತ್ತು ದಿನ ಬಿಸಿಲಿಗಿಟ್ಟೆ.

ಕೊನೆಗೆ ಅವರೇ ಕೈಗವಸು ಬಿಚ್ಚಿದರು. “ಕಾಗದ ತಂದಿದ್ದೀರಂತೆ. ಕೊಡಿ, ಹಾಕ್ತೀನಿ.” ಜೇಬಿನಿಂದ ಪೆನ್ನು ತೆಗೆದರು. “ನಾನು ಹೇಳಿದ್ದೆ ಅಂತಲೇ ನನ್ನ ನೆನಪು. ಬಸ್ಸಿನಲ್ಲಿ ಗಂಟೆ ಬಾರಿಸಿದ್ದು, ನೀವು ಒಂದು ನಿಮಿಷ ಅಂದದ್ದು, ಎಲ್ಲ ಕೇಳಿದ ಹಾಗೇ ಇದೆ. ಆದರೆ ಹೆಲೆನ್ ಇಲ್ಲ ಅಂತಾಳೆ. ಈ ವಯಸ್ಸಿನಲ್ಲಿ ತಲೆ ತಾನೇ ಕತೆ ಕಟ್ಟುತ್ತೆ ಅಂತೆ. ಇದ್ದರೂ ಇರಬಹುದು, ಅಲ್ವಾ?”

ಅವರು ಬೇಡಿದ್ದು ಒಂದು ಹೌದು. ಹೌದು ಅಂದಿದ್ದರೆ ಮುಗಿಯುತ್ತಿತ್ತು, ನನ್ನ ಕೆಲಸ ಉಳಿಯುತ್ತಿತ್ತು. ಕಾಗದ ನನ್ನ ಕೋಟಿನೊಳಗೇ ಇತ್ತು.

“ಇಲ್ಲ” ಎಂದೆ. “ನೀವು ಹೇಳಿದ್ರಿ. ಎರಡು ಸಲ ಹೇಳಿದ್ರಿ. ನಾನು ಬಸ್ಸಿನಲ್ಲೇ ಇದ್ದೆ. ಮರೆತವಳು ನಾನು.”

ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ನನ್ನ ಕಡೆ ನೋಡಲೂ ಇಲ್ಲ. ಪೆನ್ನು ಕೈಯಲ್ಲಿ ಹಿಡಿದು, ಕತ್ತರಿ ಅಲ್ಲೇ ಬಿಟ್ಟು, ಸಾಲುಗಳ ನಡುವೆ ಮನೆಯ ಕಡೆ ಹೆಚ್ಚುಕಡಿಮೆ ಓಡಿದರು. “ಹೆಲೆನ್! ಹೆಲೆನ್!” ಎಂಬತ್ತೊಂದರ ಮನುಷ್ಯ ಬಿದ್ದುಗಿದ್ದಾರು ಎಂದು ನಾನೂ ಹಿಂದೆ ಓಡಿದೆ. ಅಡುಗೆಮನೆಯ ಬಾಗಿಲಲ್ಲಿ ಮಗಳನ್ನು ನಿಲ್ಲಿಸಿ, ಏದುಸಿರು ಬಿಡುತ್ತಾ ನನಗೆ ಹೇಳಿದರು: “ಇನ್ನೊಂದು ಸಲ ಹೇಳಿ. ಜೋರಾಗಿ ಹೇಳಿ.”

ಹೇಳಿದೆ. ಹೆಲೆನ್ ಮೆಟ್ಟಿಲ ಮೇಲೆ ಕೂತಳು. ಆಮೇಲೆ ನನ್ನನ್ನು ನೋಡಿ, “ನಿನ್ನೆ ಕಾರಿನಲ್ಲಿ ಕೇಳಿದೆನಲ್ಲ” ಎಂದಳು. ಅವಳು ಎದ್ದು ಒಳಗೆ ಹೋಗಿ ಒಂದು ಕೀಲಿಕೈ ತಂದು ಅಪ್ಪನ ಮುಂದಿಟ್ಟಳು. ಅವರ ಗಾಡಿಯದು, ಎರಡು ತಿಂಗಳಿಂದ ಬಚ್ಚಿಟ್ಟಿದ್ದಳಂತೆ. ನನ್ನನ್ನು ಗಾಲರ್‌ಗೆ ಬಿಟ್ಟದ್ದು ಎರಿಕ್. ಅರವತ್ತರ ವೇಗ ದಾಟದೆ, ದಾರಿಯುದ್ದಕ್ಕೂ ಹಾಡು ಗುನುಗುತ್ತ ಓಡಿಸಿದರು. ಬೆಂದುಹೋದ ವೈನಿನ ಮಾತೇ ಎತ್ತಲಿಲ್ಲ. ಇಳಿಯುವಾಗ ಮಾತ್ರ, “ನಷ್ಟ ನಷ್ಟವೇ, ಅದನ್ನು ನಿಮ್ಮ ಆಫೀಸಿನ ಹತ್ತಿರ ಕೇಳ್ತೀನಿ” ಎಂದರು.

ವಿಮಾನ ನಿಲ್ದಾಣದಲ್ಲಿ ಕುಳಿತು ಮ್ಯಾನೇಜರಿಗೆ ಎರಡು ಸಾಲು ಬರೆದೆ: ಗ್ರಾಹಕರು ಫೋನಿನಲ್ಲಿ ಎರಡು ಸಲ ಸ್ಪಷ್ಟವಾಗಿ ತಿಳಿಸಿದ್ದರು, ಬುಕ್ ಮಾಡುವಾಗ ಮರೆತವಳು ನಾನು. ಎರಿಕ್ ಅವರಿಗೂ ಕಾಪಿ ಹಾಕಿದೆ.

ಮೂರನೇ ದಿನ ಆಫೀಸಿನವರು ನಾಳೆಯಿಂದ ಬರಬೇಡಿ ಎಂದರು. ಮಧ್ಯಾಹ್ನ ಹನ್ನೆರಡಕ್ಕೇ ಹೌಗಾಂಗ್‌ಗೆ ಮರಳಿ, ಫ್ಯಾನಿನ ಕೆಳಗೆ ಅಡ್ಡಾದೆ. ಮಹಾಂತೇಶ ಫೋನಿನಲ್ಲಿ “ಹೋಗ್ಲಿ ಬಿಡು, ಉಂಡು ಮಕ್ಕೋ” ಎಂದ. ಅಷ್ಟರಲ್ಲಿ ಎರಿಕ್ ಕಳಿಸಿದ ಒಂದು ಫೋಟೋ ಬಂತು. ಅವರ ಅಡುಗೆಮನೆಯ ಫ್ರಿಜ್ಜು, ಅದರ ಬಾಗಿಲಿಗೆ ನನ್ನ ಆ ಎರಡು ಸಾಲನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಅಂಟಿಸಿದ್ದರು. ಕೆಳಗೆ ಬರೆದಿದ್ದರು: ‘ಅಂಟಿಸಿದ್ದು ಹೆಲೆನ್.’

ಫೋಟೋ ಎರಡು ಸಲ ನೋಡಿದೆ. ಊಟಕ್ಕೂ ಏಳದೆ, ಎಷ್ಟೋ ತಿಂಗಳ ಮೇಲೆ, ಮೈಮರೆತು ನಿದ್ದೆ ಹೋದೆ.