ಬುತ್ತಿ ಬಟ್ಟೆಯಲ್ಲಿ ಹಿಡಿದ ಗಿಟಾರು

ಇಳಕಲ್ಲಿನ ಮೊದಲ ಬೆಳಗ್ಗೆ ನಾನು ಎದ್ದಾಗ ಓಣಿಯಲ್ಲೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಒಂದು ಮನೆಯಲ್ಲಲ್ಲ, ಎಡಕ್ಕೆ, ಬಲಕ್ಕೆ, ಎದುರಿಗೆ, ಎಲ್ಲ ಕಡೆಯಿಂದಲೂ ಅದೇ ಸದ್ದು. ಯಾವುದೋ ದೊಡ್ಡ ಪೂಜೆ ಇರಬೇಕು, ಹೊಸಬರಾದ ನಮಗೆ ಹೇಳಿಲ್ಲ ಎಂದುಕೊಂಡೆ. ಗಡಬಡಿಸಿ ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ನಮ್ಮ ಬಾಡಿಗೆ ಕೋಣೆಯಿಂದ ಮುಂದಿನ ಮನೆಯ ಬಾಗಿಲಿಗೆ ಬಂದು ನಿಂತೆ. ಒಳಗೆ ಮನೆಯ ಒಡತಿ ಗೌರವ್ವ ಒಲೆಯ ಮುಂದೆ ಕೂತು ಜೋಳದ ಹಿಟ್ಟಿನ ಮುದ್ದೆಯನ್ನು ಬಡಿದು ಬಡಿದು ಅಗಲ ಮಾಡುತ್ತಿದ್ದರು.

"ಯಾಕ ತಂಗಿ, ಬಾಗಿಲದಾಗ ನಿಂತಿ? ಯಾರರ ಕರದ್ರೇನ?"

"ಚಪ್ಪಾಳೆ ಕೇಳಿಸ್ತು. ಪೂಜೆ ಏನೋ ಅಂದ್ಕೊಂಡೆ."

ಅವರು ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಇಟ್ಟು ನಕ್ಕರು. "ಅಯ್ಯ ನನ ಶಿವನ! ರೊಟ್ಟಿ ಬಡಿಯೂದಕ್ಕ ಚಪ್ಪಾಳಿ ಅಂತಾಳಲ್ಲ ಈಕಿ!"

ಮಧ್ಯಾಹ್ನದೊಳಗೆ ಈ ಮಾತು ಓಣಿಯ ಕೊನೆಯ ಮಗ್ಗದ ಮನೆಗೂ ತಲುಪಿತ್ತು. ನಾನು ಮೊದಲೇ ನಾಚಿಕೆಯವಳು. ಅದಾದ ಮೇಲೆ ಎಷ್ಟೋ ವಾರ ನೀರು ತರುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಹೊರಗೆ ಬರಲಿಲ್ಲ.

ಮಕ್ಕಳೇ, ನೀವು ಬಂಗಾರಪೇಟೆಯಲ್ಲಿ ಬೆಳೆಯುತ್ತಿದ್ದೀರಿ. ಅದು ನಾನು ಹುಟ್ಟಿದ ಸೀಮೆ. ನಿಮ್ಮ ಅಜ್ಜಿ ತಾತ ಅಲ್ಲಿಂದ ಇಷ್ಟು ದೂರ ಯಾಕೆ ಬಂದರು, ಬಂದವರು ಯಾಕೆ ತಿರುಗಿ ಹೋಗಲಿಲ್ಲ ಎಂದು ನೀವು ಕೇಳಿದಿರಿ. ನಾನು ಓದಿದ್ದು ಊರಿನ ಶಾಲೆಯಲ್ಲಿ, ಅದೂ ಸ್ವಲ್ಪವೇ. ತಿಳಿದ ಹಾಗೆ ಬರೆಯುತ್ತೇನೆ.

ನಿಮ್ಮ ತಾತ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವ ಕೆಲಸದಲ್ಲಿದ್ದರು. ಎಪ್ಪತ್ತರ ದಶಕದಲ್ಲಿ ಗಣಿಯ ಕೆಲಸ ಇಳಿಯುತ್ತಾ ಬಂತು. ಇಳಕಲ್ಲಿನ ಕೆಂಪು ಕಲ್ಲಿನ ವ್ಯಾಪಾರಿಯೊಬ್ಬರಿಗೆ ಕಲ್ಲಿನ ಗುಣ ತಿಳಿದವರು ಬೇಕಾಗಿದ್ದರು. ಕ್ವಾರಿಯಲ್ಲಿ ಎಬ್ಬಿಸಿದ ಕಲ್ಲಿನ ದಿಮ್ಮಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳಬೇಕು. ಗಂಟೆಯ ಹಾಗೆ ನಾದ ಬಂದರೆ ಕಲ್ಲು ಗಟ್ಟಿ, ಮಂಕಾಗಿ ಸದ್ದು ಬಂದರೆ ಒಳಗೆ ಬಿರುಕು. ಈ ಕೆಲಸಕ್ಕೆ ಅವರು ಇಳಕಲ್ಲಿನಿಂದ ಹುನಗುಂದ, ಕಮತಗಿ, ಬಾಗಲಕೋಟೆ, ಬಾದಾಮಿ ಹೀಗೆ ಸುತ್ತುತ್ತಿದ್ದರು. ಇಲ್ಲಿ ಅದಕ್ಕೆ ಫೇರಿ ಎನ್ನುತ್ತಾರೆ. ಒಂದು ಫೇರಿಗೆ ಹೋದರೆ ಬರುವುದು ವಾರ ಕಳೆದ ಮೇಲೆ. ಆಗ ನಿಮ್ಮ ಅಮ್ಮ ಇನ್ನೂ ಹುಟ್ಟಿರಲಿಲ್ಲ. ಕೋಣೆಯಲ್ಲಿ ನಾನೊಬ್ಬಳೇ.

ಹೋಲಿಸುವುದು ನನ್ನ ಕೆಲಸವಾಯಿತು. ನಮ್ಮಲ್ಲಿ ಮನೆಗೆ ಹೆಂಚು, ಇಲ್ಲಿ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಎಲ್ಲರೂ ಅದರ ಮೇಲೆ ಮಲಗುತ್ತಾರೆ. ನಮ್ಮಲ್ಲಿ ಅಡುಗೆ ಮನೆಯ ಪಕ್ಕ ದನದ ಕೊಟ್ಟಿಗೆ, ಇಲ್ಲಿ ಪಡಸಾಲೆಯಲ್ಲೇ ನೆಲ ಅಗೆದು ಕೂರಿಸಿದ ಮಗ್ಗ. ಕಾಲು ಕುಣಿಯೊಳಗೆ ಇಳಿಬಿಟ್ಟು ಗೌರವ್ವನ ಗಂಡ ಬೆಳಗಿನಿಂದ ಸಂಜೆವರೆಗೆ ಸೀರೆ ನೇಯುತ್ತಿದ್ದರು. ರಾಗಿ ಸಿಗುತ್ತಿರಲಿಲ್ಲ. ಊರಿನಿಂದ ತಂದ ಹಿಟ್ಟನ್ನು ನಾನು ಹಬ್ಬಕ್ಕೆ ಎಂದು ಎತ್ತಿಟ್ಟೆ. ಅಷ್ಟರಲ್ಲಿ ಹುಳು ಬಿತ್ತು. ಬಹಳ ಎಂಬುದಕ್ಕೆ ಭಾಳ, ಆಸ್ಪತ್ರೆಗೆ ದವಾಖಾನಿ, ನಿಜಕ್ಕೆ ಖರೆ. ನನ್ನ ಕನ್ನಡ ಕೇಳಿದರೆ ಅವರಿಗೆ ಪುಸ್ತಕ ಓದಿದ ಹಾಗೆ. "ಇನ್ನೊಮ್ಮಿ ಮಾತಾಡ ತಂಗಿ, ರೇಡಿಯೋ ಕೇಳಿದಂಗ ಆಕ್ಕೈತಿ" ಎಂದು ಗೌರವ್ವ ಕಾಡುತ್ತಿದ್ದರು. ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಈಗ ಗಿಟಾರಿನ ಮಾತು. ಗಣಿಯಲ್ಲಿದ್ದಾಗ ಜೊತೆಗಿದ್ದ ಒಬ್ಬ ಆಂಗ್ಲೋ ಇಂಡಿಯನ್ ಫೋರ್‌ಮನ್ ದೇಶ ಬಿಟ್ಟು ಹೋಗುವಾಗ ತನ್ನ ಗಿಟಾರನ್ನು ನಿಮ್ಮ ತಾತನಿಗೆ ಕೊಟ್ಟಿದ್ದ. ನುಡಿಸಲು ಕಲಿಸಿದ್ದೂ ಅವನೇ. ನಿಮ್ಮ ತಾತ ಅದನ್ನು ಯಾರ ಮುಂದೆಯೂ ನುಡಿಸುತ್ತಿರಲಿಲ್ಲ. ಅದು ಅವರಿಗೆ ಶೋಕಿಯಲ್ಲ. ವರ್ಷಗಟ್ಟಲೆ ಕೊರೆಯುವ ಮಷೀನು ಹಿಡಿದು ಅವರ ಬೆರಳುಗಳು ಮರಗಟ್ಟುತ್ತಿದ್ದವು. ದಿನಾ ಸಂಜೆ ತಂತಿಯ ಮೇಲೆ ಆಡಿಸಿದರೆ ಸಡಿಲವಾಗಿರುತ್ತಿದ್ದವು. ಕೆಲವು ದಿನ ಬಿಟ್ಟರೆ ಸುತ್ತಿಗೆ ಕೂಡ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಡಾಕ್ಟರೂ ಅದನ್ನೇ ಮುಂದುವರಿಸಿ ಎಂದಿದ್ದರು.

ಇಳಕಲ್ಲಿಗೆ ಬಂದಾಗ ಗೌರವ್ವ ಅದನ್ನು ಸುತ್ತಲೂ ನೋಡಿ, "ಇದೇನ ತಂಗಿ, ತಂಬೂರಿ ಬಸುರಾಗೈತೇನ?" ಎಂದಿದ್ದರು.

ಬಸುರಿ ತಂಬೂರಿಗೆ ಇಲ್ಲಿನ ಬಸ್ಸಿನೊಳಗೆ ಜಾಗವಿರಲಿಲ್ಲ. ತೊಡೆಯ ಮೇಲೆ ಹಿಡಿಯುವುದಿಲ್ಲ, ಕಾಲ ಸಂದಿಯಲ್ಲಿ ನಿಲ್ಲುವುದಿಲ್ಲ. ಕಂಡಕ್ಟರ್ ಮೇಲೆ ಹಾಕಿಸುತ್ತಿದ್ದ. ಬಸ್ಸಿನ ನೆತ್ತಿಯ ಮೇಲೆ, ಮೆಣಸಿನಕಾಯಿ ಚೀಲಗಳ ನಡುವೆ, ಆ ಬಿಸಿಲಿನಲ್ಲಿ ಅದು ಬಾದಾಮಿಯವರೆಗೆ ಹೋಗಬೇಕು. ನಮ್ಮ ಕಡೆಯ ಬಿಸಿಲಿಗೆ ಮರ ಒಣಗುತ್ತದೆ, ಇಲ್ಲಿಯ ಬಿಸಿಲಿಗೆ ಸಿಡಿಯುತ್ತದೆ. ಕೆಲವೇ ಫೇರಿಗಳಲ್ಲಿ ಅಂಟು ಬಿಟ್ಟು ಅದರ ಬೆನ್ನು ತೆರೆದುಕೊಂಡಿತು. ಆಮೇಲೆ ಯಾರೋ ಮೇಲಿನಿಂದ ಚೀಲ ಇಳಿಸುವಾಗ ಕುತ್ತಿಗೆಯೂ ಮುರಿಯಿತು.

ಮುಂದಿನ ಫೇರಿಗೆ ಬರಿಗೈಯಲ್ಲಿ ಹೋದರು. ಬಂದಾಗ ಬೆರಳುಗಳು ಬಿಳಿಚಿದ್ದವು. ಅನ್ನ ಕಲಸಲು ಆಗಲಿಲ್ಲ. ನಾನೇ ಕಲಸಿ ಕೊಟ್ಟೆ. ಕ್ವಾರಿಯಲ್ಲಿ ಸುತ್ತಿಗೆ ಕೈ ಜಾರಿ ಬಿದ್ದದ್ದನ್ನು ವ್ಯಾಪಾರಿ ನೋಡಿದ್ದರಂತೆ. "ಇನ್ನೊಂದು ಫೇರಿ ನೋಡೂಣು" ಎಂದು ಮರ್ಯಾದೆಯಿಂದಲೇ ಹೇಳಿದ್ದರಂತೆ.

"ಇದು ಆಗೋದಲ್ಲ. ಊರಿಗೆ ಹೋಗ್ಬಿಡೋಣ," ಎಂದರು ನಿಮ್ಮ ತಾತ.

ನಾನು ತಲೆ ಆಡಿಸಿದೆ. ನನಗೆ ಬೇಕಾಗಿದ್ದುದೂ ಅದೇ. ಊರಿನಲ್ಲಿ ನನ್ನ ತಮ್ಮನ ಮನೆಯ ಪಕ್ಕದ ಕೋಣೆ ಖಾಲಿ ಇತ್ತು. ಮನಸ್ಸಿನಲ್ಲಿ ಅಲ್ಲಿ ಒಲೆ ಎಲ್ಲಿ ಹೂಡಬೇಕೆಂದೂ ಗೊತ್ತುಮಾಡಿಕೊಂಡೆ.

ಗೌರವ್ವ ಸುಮ್ಮನಿರಲಿಲ್ಲ. "ಹೋಗಾಕ ಏನ, ನಾಳಿನೂ ಹೋಗಬಹುದು. ಬಾಗಲಕೋಟಿಯೊಳಗ ಪೇಟಿ ರಿಪೇರಿ ಮಾಡೋ ದಸ್ತಗೀರ ಸಾಹೇಬ್ರು ಅದಾರ. ನಾಟಕ ಕಂಪನಿಯವರ ಸಾಮಾನು ಎಲ್ಲಾ ಅವರ ಕಡೇನ ಬರ್ತಾವ. ಒಮ್ಮಿ ನೋಡಿ ಬರ್ರಿ," ಎಂದರು. ಪೇಟಿ ಎಂದರೆ ಹಾರ್ಮೋನಿಯಂ. ಅಂದೇ ದಾರಿಗೆಂದು ಕಟಕ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಟ್ಟರು. ಕಟಕ ರೊಟ್ಟಿ ಹಪ್ಪಳದ ಹಾಗೆ, ಮುಟ್ಟಿದರೆ ಮುರಿಯುತ್ತದೆ. ಅಗಲವಾದ ಬಟ್ಟೆಯಲ್ಲಿ ಅಡಕಲು ಇಟ್ಟು ನಾಲ್ಕು ಮೂಲೆ ಸೇರಿಸಿ ಮೇಲೆ ಗಂಟು ಹಾಕುತ್ತಾರೆ.

ನಾವಿಬ್ಬರೂ ಹತ್ತಿದ ಬಸ್ಸು ತುಂಬಿತ್ತು. ನಾನು ಬುತ್ತಿಯನ್ನು ಸೀಟಿನ ಮೇಲಿಟ್ಟು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಒಬ್ಬ ದಪ್ಪ ಮನುಷ್ಯ ಅಲ್ಲೇ ಕೂರಲು ಬಂದ. ಹಿಂದಿನಿಂದ ಮೂರು ನಾಲ್ಕು ಜನ ಒಟ್ಟಿಗೆ ಕೂಗಿದರು.

"ಏ, ಏ! ರೊಟ್ಟಿ ಬುತ್ತಿ ಐತೋ ಅಲ್ಲಿ!"

ಆತ ಬೆಂಕಿ ಮುಟ್ಟಿದವನಂತೆ ಎದ್ದ. ಬುತ್ತಿಯನ್ನು ಎರಡೂ ಕೈಯಲ್ಲಿ ಎತ್ತಿ, ನನ್ನ ತೊಡೆಯ ಮೇಲಿಟ್ಟ. "ಹಿಡೀರಿ ಅಕ್ಕಾರ. ಅನ್ನ ಅದು," ಎಂದು ಹೇಳಿ ಕಮತಗಿಯವರೆಗೆ ನಿಂತೇ ಬಂದ. ಮನುಷ್ಯರ ಮೇಲೆ ಮನುಷ್ಯರು ಬೀಳುತ್ತಿದ್ದ ಆ ಬಸ್ಸಿನಲ್ಲಿ ನನ್ನ ತೊಡೆಯ ಸುತ್ತ ಮಾತ್ರ ಒಂದು ಗೇಣು ಜಾಗ ಬಿಟ್ಟಿದ್ದರು. ನಮ್ಮ ಕಡೆ ಬುತ್ತಿಗೆ ಇಂಥ ಮರ್ಯಾದೆಯನ್ನು ನಾನು ಕಂಡಿರಲಿಲ್ಲ. ನಮ್ಮ ರಾಗಿ ಮುದ್ದೆಗೆ ಪುಡಿಯಾಗುವ ಭಯವೆಲ್ಲಿ?

ದಸ್ತಗೀರ ಸಾಹೇಬರ ಅಂಗಡಿ ಬಾಗಲಕೋಟೆಯ ಹಳೆಯ ಪೇಟೆಯಲ್ಲಿತ್ತು. ಬಿಳಿ ಗಡ್ಡ, ಬಾಯಿ ತುಂಬ ಎಲೆ ಅಡಿಕೆ. ಮುಚ್ಚಿಹೋದ ಒಂದು ನಾಟಕ ಕಂಪನಿಯ ವಾದ್ಯಗಳನ್ನು ಗೋಡೆಗೆ ನೇತುಹಾಕಿದ್ದರು. ಅದರಲ್ಲಿ ಎರಡು ಗಿಟಾರು: ಒಂದು ನಮ್ಮ ಹಳೆಯದರ ಅಳತೆಯದು, ಹೊಳೆಯುವ ಕಂದು ಬಣ್ಣ, ಇನ್ನೊಂದು ಅದರ ಮುಕ್ಕಾಲು ಪಾಲೂ ಇಲ್ಲ, ಬಣ್ಣ ಮಾಸಿದ್ದು. ಜೊತೆಗೆ ಒಂದು ಮ್ಯಾಂಡೊಲಿನ್ ಕೂಡ ತೋರಿಸಿದರು. ಅದರ ತಂತಿಗಳು ಒತ್ತೊತ್ತಾಗಿದ್ದವು; ಮರಗಟ್ಟಿದ ಬೆರಳಿಗೆ ಅದು ಸಾಗಲಿಲ್ಲ.

ನಿಮ್ಮ ತಾತ ಗಿಟಾರುಗಳನ್ನು ನುಡಿಸಿ ನೋಡುವ ಮೊದಲು ಏನು ಮಾಡಿದರು ಗೊತ್ತೇ? ಬೆನ್ನಿಗೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು.

ಸಾಹೇಬರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಏನ ಮಾಡ್ತೀರಿ ಸಾಹೇಬ್ರ?"

"ಒಳಗೆ ಬಿರುಕು ಇದೆಯೋ ನೋಡ್ತಾ ಇದ್ದೀನಿ."

"ಬಡೀರಿ, ಬಡೀರಿ. ಆದ್ರ ಒಡೀಬ್ಯಾಡ್ರಿ. ಅದು ಕಲ್ಲಲ್ಲ, ಕಟಿಗಿ."

ದೊಡ್ಡದು ಗುಂಯ್ ಎಂದು ನಾದ ಕೊಟ್ಟಿತು. ನಿಮ್ಮ ತಾತನ ಮುಖ ಅರಳಿತು. ಚಿಕ್ಕದನ್ನು ತಟ್ಟಿದರು. ಟೊಕ್ ಎಂದಿತು.

"ಮಂಕು," ಎಂದು ಕೆಳಗಿಟ್ಟರು. ದಿಮ್ಮಿಯನ್ನು ತಿರಸ್ಕರಿಸುವಾಗ ಹೇಳುವ ಮಾತೇ ಅದು.

"ಮಂಕಲ್ರಿ, ಸಣ್ಣದು," ಎಂದರು ಸಾಹೇಬರು. "ನಿಮಗ ಲಗ್ನದಾಗ ಬಾರಿಸೂದೈತೇನು?"

"ಇಲ್ಲ. ಲಾಡ್ಜಿನಲ್ಲಿ, ನಾನೊಬ್ಬನೇ."

"ಮತ್ತ! ಬಾಜೂ ಖೋಲಿಯಾಂವ ನಿಮ್ಮನ್ನ ಬಡೀಬಾರ್ದು ಅಂದ್ರ ಇದ ಛಲೋ."

ಆದರೂ ನಿಮ್ಮ ತಾತನ ಕೈ ದೊಡ್ಡದರ ಮೇಲೆಯೇ ಇತ್ತು. ಗಣಿಯಲ್ಲೂ ಇಲ್ಲೂ ಬಂಡೆಯ ಸದ್ದು ಕೇಳಿ ಒಳಗನ್ನು ಹೇಳಿದ ಮನುಷ್ಯ. ಮಂಕು ಸದ್ದಿನದನ್ನು ಆರಿಸುವುದು ಅವರಿಂದ ಆಗುತ್ತಿರಲಿಲ್ಲ. ದೊಡ್ಡದು ಬಸ್ಸಿನ ನೆತ್ತಿಗೇ ಹೋಗುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅದನ್ನು ಕೊಂಡರೆ ಮಳೆಗಾಲದೊಳಗೆ ಅದೂ ಒಡೆಯುತ್ತದೆ, ನಾವು ಊರಿಗೆ ಹೋಗುತ್ತೇವೆ. ನಾನು ಸುಮ್ಮನೆ ನಿಂತಿದ್ದರೆ ಸಾಕಾಗಿತ್ತು. ಸುಮ್ಮನೆ ನಿಲ್ಲುವುದು ನನಗೆ ಕಷ್ಟದ ಕೆಲಸವೂ ಅಲ್ಲ.

ಅವರು ದೊಡ್ಡದರ ತಂತಿ ಮೀಟಲು ಹೋದರು. ತೋರು ಬೆರಳು ಬಾಗಲಿಲ್ಲ. ಎಡಗೈಯಿಂದ ಅದನ್ನು ಹಿಡಿದು ಬಾಗಿಸಿದರು. ಸಾಹೇಬರು ಬೇರೆ ಕಡೆ ನೋಡಿದರು.

ನಾನು ಅಂಗಡಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದೆ. ರೊಟ್ಟಿಗಳನ್ನು ಒಂದು ಕಾಗದದ ಮೇಲೆ ಇಟ್ಟೆ. ಬಟ್ಟೆ ಕೊಡವಿ ನೆಲದ ಮೇಲೆ ಹಾಸಿ, ಚಿಕ್ಕ ಗಿಟಾರನ್ನು ಅದರ ಮೇಲಿಟ್ಟು, ನಾಲ್ಕು ಮೂಲೆ ಎತ್ತಿ ಗಂಟು ಹಾಕಿದೆ. ದುಂಡು ಹೊಟ್ಟೆ ಪೂರಾ ಒಳಗೆ ಹಿಡಿಯಿತು. ಕುತ್ತಿಗೆ ಮಾತ್ರ ಹೊರಗೆ ಚಾಚಿತ್ತು.

"ಇದಾದ್ರೆ ತೊಡೆ ಮೇಲೆ ಇಟ್ಕೊಂಡು ಹೋಗಬಹುದು," ಎಂದೆ. ಪರ ಗಂಡಸರ ಮುಂದೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಬುತ್ತಿ ಅಂತ ಯಾರೂ ಕೂರೋದಿಲ್ಲ, ಮೇಲೆ ಹಾಕು ಅನ್ನೋದೂ ಇಲ್ಲ."

ಸಾಹೇಬರು ಗಂಟನ್ನು ನೋಡಿದರು, ನನ್ನನ್ನು ನೋಡಿದರು. "ಖರೆ ಹೇಳಿದಿ ಬೇಟಿ. ಈ ಸೀಮಿಯೊಳಗ ಬುತ್ತಿಗೆ ಕೈ ಹಚ್ಚೋ ಮಗ ಹುಟ್ಟಿಲ್ಲ."

ನಿಮ್ಮ ತಾತ ದೊಡ್ಡದನ್ನು ತಿರುಗಿ ಗೋಡೆಗೆ ನೇತುಹಾಕಿದರು. ಆಮೇಲೆ ನನ್ನನ್ನು ಕೇಳಿದರು, "ಊರಿಗೆ ಹೋಗೋದು ಬೇಡವಾ ನಿಂಗೆ?"

"ಮೊದಲು ಬೆರಳು ಬಾಗಲಿ," ಎಂದೆ.

ಚಿಕ್ಕದನ್ನೇ ತಂದೆವು. ಮೊದಲ ಫೇರಿಯ ಬೆಳಗ್ಗೆ ನಾನು ಅದನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಾಗ ಗೌರವ್ವ ಬಂದು ಗಂಟು ಬಿಚ್ಚಿಸಿದರು. "ಒಳಗ ಅನ್ನ ಇಲ್ಲದ ಬುತ್ತಿ ಕಟ್ಟಬಾರ್ದು ತಂಗಿ. ಶಿವ ಮೆಚ್ಚೂದಿಲ್ಲ," ಎಂದು ನಾಲ್ಕು ರೊಟ್ಟಿ ಗಿಟಾರಿನ ಹೊಟ್ಟೆಯ ಮೇಲೆ ಇಟ್ಟು ತಾವೇ ಕಟ್ಟಿದರು. ಅಂದಿನಿಂದ ಪ್ರತಿ ಫೇರಿಗೂ ಹಾಗೆಯೇ. ಚಟ್ನಿಯ ಎಣ್ಣೆ ಇಳಿದು ಮರದ ಮೇಲೆ ಕಲೆ ಬಿತ್ತು, ಇರುವೆ ಬಂತು, ಬಾದಾಮಿಯ ಲಾಡ್ಜಿನಲ್ಲಿ ಒಮ್ಮೆ ಇಲಿಯೂ ಬಂತು. ಯಾರನ್ನೂ ಮೋಸ ಮಾಡಿದ ಹಾಗಾಗಲಿಲ್ಲ. ಹೊರಗೆ ಚಾಚಿದ ಕುತ್ತಿಗೆ ಎಲ್ಲರಿಗೂ ಕಾಣುತ್ತಿತ್ತು. ಹುನಗುಂದದ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದನಂತೆ:

"ಏನ್ರಿ ಇದು, ಬುತ್ತಿಗೆ ಬಾಲ ಬಂದೈತಿ?"

ಪಕ್ಕದ ಮುದುಕ ಉತ್ತರ ಕೊಟ್ಟನಂತೆ: "ಬಾಲ ಇದ್ರೇನು ಕೊಂಬಿದ್ರೇನು, ಬುತ್ತಿ ಬುತ್ತಿನ. ಟಿಕೀಟ ಹರೀಪಾ ನೀ."

ತಿಂಗಳೊಪ್ಪತ್ತಿನಲ್ಲಿ ಬೆರಳು ಸಡಿಲಾದವು. ವ್ಯಾಪಾರಿ ಮತ್ತೆ ಆ ಮಾತು ಎತ್ತಲಿಲ್ಲ. ಊರಿನ ಆ ಖಾಲಿ ಕೋಣೆಯಲ್ಲಿ ನನ್ನ ತಮ್ಮ ಹುಲ್ಲು ತುಂಬಿಸಿದ. ಎಂಬತ್ತರ ದಶಕ ಬಂತು, ನಿಮ್ಮ ಅಮ್ಮ ಹುಟ್ಟಿ ಇಲ್ಲಿಯ ಸಾಲಿಗೆ, ಅಂದರೆ ಶಾಲೆಗೆ, ಹೋದಳು. ನಾನು ರೊಟ್ಟಿ ಬಡಿಯಲು ಕಲಿತೆ. ದುಂಡಗೆ ಬರಲು ಬಹಳ ಕಾಲ ಬೇಕಾಯಿತು. ಒಂಟಿತನ ಹೋಯಿತೆಂದು ಹೇಳಲಾರೆ. ಅದು ಇಲ್ಲಿಯ ಬಿಸಿಲಿನಂತೆ ರೂಢಿಯಾಯಿತು.

ವರ್ಷಕ್ಕೊಮ್ಮೆ ನಾವು ಊರಿಗೆ ಹೋಗಿ ಬರುತ್ತಿದ್ದೆವು. ಹೊಸಪೇಟೆಯಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಕಲ್ಲು ಬೆಂಚಿನ ಮೇಲೆ ಕೂತಾಗ ಪಕ್ಕದಲ್ಲಿದ್ದವರು ಯಾರಾದರೂ, "ಯಾವ ಊರಾತು ನಿಮ್ಮದು?" ಎಂದು ಕೇಳುವುದು ರೂಢಿ. ನಿಮ್ಮ ತಾತ ಉತ್ತರವನ್ನು ಯಾವಾಗಲೂ ನನಗೇ ಬಿಡುತ್ತಿದ್ದರು. ಊರಿಗೆ ಹೋಗುವಾಗ ಕೇಳಿದರೆ "ಇಳಕಲ್" ಎನ್ನುತ್ತಿದ್ದೆ. ತಿರುಗಿ ಬರುವಾಗ ಕೇಳಿದರೆ "ಬಂಗಾರಪೇಟೆ ಕಡೆ" ಎನ್ನುತ್ತಿದ್ದೆ. ಇದನ್ನು ಮೊದಲು ಗಮನಿಸಿದವರು ಅವರೇ. "ಯಾವ ದಿಕ್ಕಿಗೆ ಹೊರಟರೂ ಬಿಟ್ಟು ಬಂದ ಊರೇ ನಿನ್ನದು," ಎಂದು ನಕ್ಕಿದ್ದರು.

ಅವರು ತೀರಿಹೋದ ಮೇಲೆ, ಬಂಗಾರಪೇಟೆಗೆ ಮದುವೆಯಾಗಿ ಹೋಗಿದ್ದ ನಿಮ್ಮ ಅಮ್ಮ ನನ್ನನ್ನು ಕರೆದೊಯ್ಯಲು ಬಂದಳು. ಹೊಸಪೇಟೆಯಲ್ಲಿ ಒಬ್ಬ ಹೆಂಗಸು ಎಂದಿನಂತೆ ಕೇಳಿದಳು. ನಾನು ಇಳಕಲ್ ಎಂದೆ. ನಿಮ್ಮ ಜೊತೆ ಎರಡು ತಿಂಗಳು ಇದ್ದು ತಿರುಗಿ ಬರುವಾಗ, ಅದೇ ಬೆಂಚಿನ ಮೇಲೆ ಇನ್ನೊಬ್ಬರು ಕೇಳಿದರು. ಉತ್ತರವನ್ನು ನನಗೆ ಬಿಡುವವರು ಪಕ್ಕದಲ್ಲಿ ಇರಲಿಲ್ಲ. ಬಂಗಾರಪೇಟೆ ಕಡೆ ಎಂದೆ, ಇಳಕಲ್ಲಿನ ಬಸ್ಸು ಬಂತು, ಹತ್ತಿ ಕೂತೆ.