ಮರುಳಪ್ಪನವರ ಕಿಟಕಿಯಲ್ಲಿರುವ ಬ್ರೇಕ್ ಪಟ್ಟಿ

ಬೆಳಗಿನ ಆರೂವರೆ. ಸವಳಂಗದ ತಮ್ಮ ಮನೆಯಂಗಳದಲ್ಲಿ ಮರುಳಪ್ಪ ಮರ ಕೊಯ್ಯುವ ಪೆಟ್ರೋಲ್ ಮಷೀನೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಟ್ಯಾಂಕಿನ ಮುಚ್ಚಳ ತಿರುಗಿಸಿ ವಾಸನೆ ನೋಡುತ್ತಿದ್ದಾರೆ. ಹೊನ್ನಾಳಿ ಕಡೆಯಿಂದ ಬಂದ ನಾಗೇಂದ್ರಪ್ಪ ಎದುರಿಗೆ ನಿಂತು ಭುಜ ತಿಕ್ಕಿಕೊಳ್ಳುತ್ತಿದ್ದಾರೆ. ನಿನ್ನೆಯೆಲ್ಲ ಹಗ್ಗ ಎಳೆದರೂ ಮಷೀನ್ ಸ್ಟಾರ್ಟ್ ಆಗಿಲ್ಲವಂತೆ.

“ಯಾವ ಕಾಲದ ಪೆಟ್ರೋಲ್ ರೀ ಇದು?”

“ಹೋದ ಸೀಜನ್ನಿಂದು. ಉಳಿದಿತ್ತಲ್ಲ, ಸುಮ್ನೆ ಯಾಕೆ ಚೆಲ್ಲೋದು ಅಂತ...”

“ಹೋದ ವರ್ಷದ ಅನ್ನ ನೀವು ಉಣ್ತೀರೇನು? ಅದಕ್ಕೆ ಮಾತ್ರ ಯಾಕೆ ಹಾಕ್ತೀರಿ?”

ಹಳೆಯದನ್ನು ಹೊರಗೆ ಸುರಿದು, ಪ್ಲಗ್ ಬಿಚ್ಚಿ ಒರೆಸಿ, ಮರದ ಹೊಟ್ಟು ಮೆತ್ತಿದ್ದ ಏರ್ ಫಿಲ್ಟರ್ ತೊಳೆದು ಆರಿಸಿ, ಟು-ಟಿ ಆಯಿಲ್ ಬೆರೆಸಿದ ಹೊಸ ಪೆಟ್ರೋಲ್ ಹಾಕಿ ಮರುಳಪ್ಪ ಎರಡೇ ಸಲ ಎಳೆಯುತ್ತಾರೆ. ಮಷೀನ್ ಗುರ್ ಎನ್ನುತ್ತದೆ. ನಾಗೇಂದ್ರಪ್ಪ ಕೈ ಚಾಚಿದರೆ ಕೊಡುವ ಆಸಾಮಿಯಲ್ಲ ಇವರು. ಚೈನ್ ಓಡುತ್ತಿರುವಾಗಲೇ ಹಿಡಿಯ ಮುಂದಿರುವ ಗಾರ್ಡನ್ನು ಮುಂದಕ್ಕೆ ತಳ್ಳುತ್ತಾರೆ. ಚೈನ್ ತಟ್ಟನೆ ನಿಲ್ಲಬೇಕು. ಅದೇ ಬ್ರೇಕ್. ಮೂರು ಸಲ ಹಾಗೆ ನಿಂತ ಮೇಲೆಯೇ ಮಷೀನ್ ಗಿರಾಕಿಯ ಕೈ ಸೇರುತ್ತದೆ.

ಐವತ್ತೆಂಟರ ಮರುಳಪ್ಪನವರಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಮೊದಲು ಔಷಧಿ ಹೊಡೆಯುವ ಪಂಪ್ ರಿಪೇರಿ ಮಾಡುತ್ತಿದ್ದವರು, ಹನ್ನೊಂದು ವರ್ಷದಿಂದ ಈ ಮಷೀನುಗಳಿಗೆ ಅಂಟಿಕೊಂಡಿದ್ದಾರೆ. ದಿನಕ್ಕೆ ನಾಲ್ಕೈದು ಬರುತ್ತವೆ. ಅಡಿಕೆ ಬೇಯಿಸಲು ಎಲ್ಲರೂ ಸೌದೆಗೆ ಬೀಳುವ ತಿಂಗಳುಗಳಲ್ಲಿ ಹತ್ತು, ಹನ್ನೆರಡು. ಒಂದು ಚೈನಿಗೆ ಮೂವತ್ತಾರು ಹಲ್ಲು, ಹರಿತವಾಗಲು ಹಲ್ಲಿಗೆ ಮೂರು ಸಲ ದುಂಡು ಅರ ಆಡಬೇಕು. “ಹತ್ತರಲ್ಲಿ ಆರು ಮಷೀನಿಗೆ ರೋಗನೇ ಇರಲ್ಲ ರೀ. ಹಳೇ ಪೆಟ್ರೋಲು, ಕೊಳೆ ಫಿಲ್ಟರು. ಮನೇಲೇ ಮಾಡ್ಕೊಳ್ರಿ ಅಂತ ಹೇಳಿ ಕೊಡ್ತೀನಿ, ಮತ್ತೆ ಇಲ್ಲಿಗೇ ಬರ್ತಾರೆ” ಎಂದು ನಗುತ್ತಾರೆ. ಸದ್ದಿನಲ್ಲೇ ಕೂತು ಕೂತು ಬಲಗಿವಿ ಮಂದವಾಗಿದೆ. “ಊಟಕ್ಕೆ ಕರೆದ್ರೆ ಕೇಳಂಗಿಲ್ಲ. ಮಷೀನ್ ಸ್ವಲ್ಪ ಕೆಮ್ಮಿದ್ರೆ ಮಾತ್ರ ಎದ್ದು ಓಡ್ತಾರೆ” ಎನ್ನುವುದು ಹೆಂಡತಿ ಕೊಟ್ರಮ್ಮನವರ ದೂರು.

ಪೇಪರಿಗೆ ಬರೆಯಲೆಂದು ನಾನು ಇವರನ್ನು ಹುಡುಕಿಕೊಂಡು ಬಂದದ್ದು ಬೇರೆ ಕಾರಣಕ್ಕೆ. ಶಿವಮೊಗ್ಗದಿಂದ ಬಿಡಿಭಾಗ ಬಂದ ದಿನವೇ ಮರುಳಪ್ಪ ಅದನ್ನು ಚೀಲಕ್ಕೆ ಹಾಕಿಕೊಂಡು ಗಿರಾಕಿಯ ಮನೆ ಬಾಗಿಲಿಗೆ ಹೋಗಿ ಕೂರಿಸಿ ಬರುತ್ತಾರೆ. ಚನ್ನಗಿರಿ, ನ್ಯಾಮತಿ ಸರಿ, ಒಮ್ಮೆ ಬಸ್ಸು ಬದಲಿಸಿಕೊಂಡು ಜಗಳೂರಿಗೂ ಹೋಗಿದ್ದರಂತೆ. ಇಂಥ ಸರ್ವಿಸ್ ಪೇಟೆಯಲ್ಲೂ ಸಿಗುವುದಿಲ್ಲ ಎಂದು ನಾನು ಮನಸಾರೆ ಹೊಗಳುತ್ತೇನೆ. ಮರುಳಪ್ಪನವರ ಮುಖ ಸಣ್ಣದಾಗುತ್ತದೆ. ಕಿಟಕಿಯಲ್ಲಿದ್ದ, ಇನ್ನೂ ಒಡೆಯದ ಪ್ಲಾಸ್ಟಿಕ್ ಪೊಟ್ಟಣವೊಂದನ್ನು ತಂದು ನನ್ನ ಮುಂದಿಡುತ್ತಾರೆ. ಒಳಗೆ ಬೆರಳಗಲದ ಉಕ್ಕಿನ ಪಟ್ಟಿ.

“ಇದು ಪರಶುರಾಮಂದು ರೀ. ಬ್ರೇಕ್ ಪಟ್ಟಿ.”

ಪರಶುರಾಮ್ ಮೂರು ಕಿಲೋಮೀಟರ್ ಆಚೆಯ ಹಳ್ಳಿಯವರು, ಮರ ಕೊಯ್ಯುವುದೇ ಕಸುಬಾಗಿದ್ದವರು. ಎರಡು ವರ್ಷದ ಹಿಂದೆ ಅವರ ಮಷೀನಿನ ಬ್ರೇಕ್ ಪಟ್ಟಿ ತುಂಡಾಗಿತ್ತು. ಸೌದೆಯ ಸೀಜನ್, ಕೆಲಸ ಬಿಡುವಂತಿರಲಿಲ್ಲ. ಮರುಳಪ್ಪ ತುಂಡನ್ನು ತೆಗೆದುಹಾಕಿ, ಬ್ರೇಕಿಲ್ಲದೆಯೇ ಮಷೀನ್ ಕೊಟ್ಟರು. ಹೊಸ ಪಟ್ಟಿ ಬಂದ ಮೇಲೆ ಹಾಕಿಸಿಕೊಳ್ಳುವ ಮಾತಾಯಿತು. ಅದಾದ ಕೆಲವೇ ದಿನಕ್ಕೆ, ಸೋಮವಾರ ಬೆಳಿಗ್ಗೆ, ಸೂಳೆಕೆರೆ ಕಡೆಯ ತೋಟವೊಂದರಲ್ಲಿ ಮಷೀನಿನ ತುದಿ ಕೊಂಬೆಗೆ ತಾಗಿ ಅದು ಹಿಂದಕ್ಕೆ ಎಗರಿತು. ಚೈನ್ ನಿಲ್ಲಲಿಲ್ಲ. ಪರಶುರಾಮ್ ಅವರ ಎಡಗೈಯ ಮೂರು ಬೆರಳು ಇವತ್ತಿಗೂ ಮಡಚುವುದಿಲ್ಲ. ಈಗ ಅವರು ನ್ಯಾಮತಿಯಲ್ಲಿ ಸೌದೆ ಡಿಪೋ ಕಾಯುತ್ತಾರೆ.

“ಪಟ್ಟಿ ಬರೋದು ತಡವಾಯಿತೇನೋ” ಎಂದು ನಾನು ಸಮಾಧಾನ ಹೇಳಲು ಹೋಗುತ್ತೇನೆ.

“ತಡ ಎಲ್ಲಿ ಬಂತು? ಶನಿವಾರ ಸಂಜೇನೇ ಬಂದಿತ್ತು.”

ಕೊಟ್ರಮ್ಮ ತಂದ ಚಹಾ ಹಾಗೇ ಇದೆ. ಮರುಳಪ್ಪ ಪೊಟ್ಟಣವನ್ನೇ ನೋಡುತ್ತಾ ಹೇಳುತ್ತಾರೆ: “ಭಾನುವಾರ ಇಡೀ ದಿನ ಇದೇ ಕಿಟಕೀಲಿತ್ತು. ಫೋನಿತ್ತು, ಬೈಕಿತ್ತು. ಬೇಕಾದ್ರೆ ಅವನೇ ಬರ್ತಾನೆ ಬಿಡು ಅಂದ್ಕೊಂಡೆ. ಗಿರಾಕಿ ನಮ್ಮ ಹತ್ರ ಬರ್ಬೇಕು, ನಾವು ಹೋಗಬಾರ್ದು ಅನ್ನೋದು ನಮ್ಮ ರಿಪೇರಿಯೋರ ರೂಢಿ. ರೂಢಿ ಏನು ಬಂತು, ಕೊಬ್ಬು.”

ಮನೆ ಬಾಗಿಲ ಸರ್ವಿಸ್ ಶುರುವಾದದ್ದು ಅದರ ಮುಂದಿನ ವಾರದಿಂದ. ಹೊಗಳಿದ್ದಕ್ಕೆ ನನಗೇ ನಾಚಿಕೆಯಾಗುತ್ತದೆ.

ಪರಶುರಾಮ್ ಅವರಿಗೆ ಇದು ಗೊತ್ತೇ? ಮರುಳಪ್ಪ ಇಲ್ಲವೆಂದು ತಲೆಯಾಡಿಸುತ್ತಾರೆ. “ಹೇಳಾಕೆ ಅಂತ ಎಷ್ಟೋ ಸಲ ಹೋಗೀನಿ. ಚಾ ತರಿಸ್ತಾನೆ. ‘ನಂದೇ ಆತುರ ಆಯ್ತು, ನಿಂದೇನು ತಪ್ಪೈತೆ ಮರುಳಣ್ಣ’ ಅಂತಾನೆ. ಅದು ಕೇಳಿದ ಮ್ಯಾಲೆ ಹೆಂಗೆ ಹೇಳಾಕೆ ಆಗ್ತೈತೆ ರೀ? ಚಾ ಕುಡಿದು ಎದ್ದು ಬರ್ತೀನಿ.”

ಹೊರಡುವಾಗ ಒಂದು ಫೋಟೋ ಕೇಳುತ್ತೇನೆ. ಒಲ್ಲೆ ಎನ್ನುತ್ತಾರೆ. ಮನೆಯ ಹೊರಗೆ ಬೋರ್ಡಾದರೂ ಬೇಡವೇ, ಬೇರೇನಾದರೂ ಆಸೆ ಇದೆಯೇ ಎನ್ನುತ್ತೇನೆ. ಪೊಟ್ಟಣವನ್ನು ಮತ್ತೆ ಕಿಟಕಿಯಲ್ಲಿಟ್ಟು ಕೇಳುತ್ತಾರೆ.

“ನೀವು ಬರೆದಿದ್ದು ಭಾನುವಾರ ಬರ್ತೈತಲ್ಲ?”

“ಹೌದು.”

“ಹಂಗಾದ್ರೆ ಪಟ್ಟಿ ಶನಿವಾರನೇ ಬಂದಿತ್ತು ಅಂತ ಬರೀರಿ. ಡಿಪೋದಲ್ಲಿ ಪರಶುರಾಮ ಪೇಪರ್ ತಪ್ಪದೆ ಓದ್ತಾನೆ. ಆ ಭಾನುವಾರ ನಾನು ಹೋಗ್ಲಿಲ್ಲ. ಈ ಭಾನುವಾರ ಪೇಪರಾದ್ರೂ ಹೋಗ್ಲಿ.”