ಲಾಗಿನ್‌ನಲ್ಲಿ ಇಲ್ಲದ ವನಜಾ

ಕಾರವಾರದಿಂದ ಬಂದ ನನಗೆ ಬೆಂಗಳೂರಿನಲ್ಲಿ ಸಿಕ್ಕ ಮೊದಲ ಗೆಳತಿ ವನಜಾ. ಚಾಮರಾಜಪೇಟೆಯ ಗ್ರಂಥಾಲಯವೊಂದರಲ್ಲಿ ನಮ್ಮಿಬ್ಬರಿಗೂ ಒಂದೇ ಲಿನಕ್ಸ್ ಕಂಪ್ಯೂಟರ್. ಬೆಳಿಗ್ಗೆ ನಾನು ಲಾಗಿನ್ ಆಗಿ, ಒಂದಷ್ಟು ಟೈಪ್ ಮಾಡಿ ಬಿಟ್ಟುಹೋದ ಪರದೆಯ ಮುಂದೆಯೇ ಮಧ್ಯಾಹ್ನ ಅವಳು ಕೂತು, ಕೀಬೋರ್ಡಿನ ಮೇಲೆ ಕೋಡುಬಳೆಯ ಚೂರು ಉದುರಿಸುತ್ತಾ ಹಳೆಯ ಪುಸ್ತಕಗಳ ಪಟ್ಟಿ ಟೈಪ್ ಮಾಡುತ್ತಿದ್ದಳು. ಈಗ ಅವಳಿಲ್ಲ. ಮೊನ್ನೆ ಆ ಪಟ್ಟಿ ಅಚ್ಚಿಗೆ ಹೊರಟಾಗ ಗ್ರಂಥಾಲಯದ ಕಾರ್ಯದರ್ಶಿ ನನಗೆ ಯಾರು ಯಾವಾಗ ಲಾಗಿನ್ ಆದರೆಂಬ ಕಂಪ್ಯೂಟರಿನ ದಾಖಲೆ ತೋರಿಸಿದರು.

"ಅಮ್ಮಾ, ಡೆಸ್ಕ್‌ಟಾಪ್‌ಗೆ ದಿನಾ ಲಾಗಿನ್ ಆಗಿರೋದು ನೀವೊಬ್ರೇ. ಪಟ್ಟಿ ಮಾಡಿದವರು ಅಂತ ವನಜಾ ಅವರ ಹೆಸರು ಹೇಗೆ ಹಾಕ್ಲಿ?"

"ಅದು ಬಾಗಿಲು ತೆಗೆದವರ ಹೆಸರು ಬರ್ಕೊಳ್ಳತ್ತೆ ಕಣಪ್ಪಾ, ಒಳಗೆ ದುಡಿದವರದ್ದಲ್ಲ. ಅವಳ ಹೆಸರಿಲ್ದಿದ್ರೆ ನಂದೂ ಬೇಡ."

ಅವರು ಇಬ್ಬರ ಹೆಸರನ್ನೂ ಬರೆದುಕೊಂಡರು. ವನಜಾಗೆ ತನ್ನ ಪಾಸ್‌ವರ್ಡ್ ಒಂದು ದಿನವೂ ನೆನಪಿರುತ್ತಿರಲಿಲ್ಲ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ.